ಮಕ್ಕಳ ಕಿವಿನೋವು: ಔಷಧ ಎಷ್ಟು ದಿನ ಕೊಡಬೇಕು?

(ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ಭಾಗದ ಪಾಲಕರಿಗಾಗಿ ನಮ್ಮ ಆಸ್ಪತ್ರೆಯ ಮಕ್ಕಳ ವೈದ್ಯರು ನೀಡಿದ ಆರೋಗ್ಯ ಉಪನ್ಯಾಸದ ಬರಹ ರೂಪ)



ಇವತ್ತು ನಾನು ಒಂದೇ ವಿಷಯದ ಬಗ್ಗೆ ಮಾತನಾಡುತ್ತೇನೆ. ಮಗುವಿನ ಕಿವಿ ನೋಯುತ್ತದೆ, ಕಿವಿ ಸೋರುತ್ತದೆ. ವೈದ್ಯರು ಆಂಟಿಬಯಾಟಿಕ್ ಔಷಧ ಬರೆದು ಕೊಡುತ್ತಾರೆ. ಆ ಔಷಧವನ್ನು ಎಷ್ಟು ದಿನ ಕೊಡಬೇಕು? ನಮ್ಮ ಹೊರರೋಗಿ ವಿಭಾಗದಲ್ಲಿ ಬಹಳಷ್ಟು ತಾಯಂದಿರು ಇದಕ್ಕೆ ಮೂರು ಉತ್ತರ ಹೇಳುತ್ತಾರೆ. ಒಂದು, ನೋವು ನಿಲ್ಲುವವರೆಗೆ. ಎರಡು, ಜ್ವರ ಇಳಿಯುವವರೆಗೆ. ಮೂರು, ಬಾಟಲಿ ಮುಗಿಯುವವರೆಗೆ. ಈ ಮೂರೂ ಸರಿಯಲ್ಲ. ಔಷಧ ಕೊಡಬೇಕಾದದ್ದು ದಿನದ ಲೆಕ್ಕದಲ್ಲಿ. ಆ ಲೆಕ್ಕ ಮಗುವಿನ ವಯಸ್ಸಿನ ಮೇಲೆ ಮತ್ತು ಕಾಯಿಲೆಯ ಬಲದ ಮೇಲೆ ಬದಲಾಗುತ್ತದೆ. ಏಕೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಕಿವಿಯ ಸೋಂಕು ಬರುವುದು ಹೇಗೆ?

ಕಿವಿಯಲ್ಲಿ ಮೂರು ಭಾಗಗಳಿವೆ: ಹೊರಕಿವಿ, ಮಧ್ಯಕಿವಿ, ಒಳಕಿವಿ. ಹೊರಕಿವಿಗೂ ಮಧ್ಯಕಿವಿಗೂ ನಡುವೆ ಕಿವಿತಮಟೆ ಎಂಬ ತೆಳುವಾದ ಪರದೆ ಇದೆ. ಮಧ್ಯಕಿವಿಯಿಂದ ಮೂಗಿನ ಹಿಂಭಾಗಕ್ಕೆ ಒಂದು ಸಣ್ಣ ನಾಳ ಹೋಗುತ್ತದೆ. ದೊಡ್ಡವರಲ್ಲಿ ಈ ನಾಳ ಉದ್ದವಾಗಿ, ಇಳಿಜಾರಾಗಿ ಇರುತ್ತದೆ. ಮಕ್ಕಳಲ್ಲಿ ಗಿಡ್ಡ, ಮೇಲಾಗಿ ಹೆಚ್ಚುಕಡಿಮೆ ಅಡ್ಡವಾಗಿಯೇ ಇರುತ್ತದೆ. ಆದ್ದರಿಂದ ನೆಗಡಿ ಆದಾಗ ಮೂಗಿನ ಕ್ರಿಮಿಗಳು ಸುಲಭವಾಗಿ ಮಧ್ಯಕಿವಿಗೆ ಹೋಗಿ ಸೇರುತ್ತವೆ. ನಾಳ ಊದಿ ಮುಚ್ಚಿಕೊಂಡರೆ ಒಳಗೆ ಕೀವು ನಿಲ್ಲುತ್ತದೆ. ಕೀವಿನ ಒತ್ತಡಕ್ಕೆ ಕಿವಿತಮಟೆ ಉಬ್ಬುತ್ತದೆ. ಆಗಲೇ ಕೂಸು ರಾತ್ರಿಯೆಲ್ಲ ಅಳುವುದು, ಕಿವಿ ಜಗ್ಗಿಕೊಳ್ಳುವುದು, ಹಾಲು ಕುಡಿಯದಿರುವುದು. ಕೆಲವು ಸಲ ತಮಟೆಯಲ್ಲಿ ಸಣ್ಣ ತೂತಾಗಿ ಕೀವು ಹೊರಗೆ ಬರುತ್ತದೆ. ಕೀವು ಹೊರಗೆ ಬಂದ ಕೂಡಲೇ ನೋವು ಇಳಿಯುತ್ತದೆ. ತಾಯಿ ಗುಣವಾಯಿತು ಎಂದುಕೊಳ್ಳುತ್ತಾಳೆ. ಒಳಗಿನ ಸೋಂಕು ಮಾತ್ರ ಇನ್ನೂ ಇರುತ್ತದೆ.

ಸಿಂಧನೂರು ಕಡೆಯವರು, ಹುಡುಗ ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಈಜಿದ್ದಕ್ಕೆ ಕಿವಿ ಸೋರಿತು ಎನ್ನುತ್ತಾರೆ. ಲಿಂಗಸುಗೂರು ಕಡೆಯವರು ನಾರಾಯಣಪುರ ಬಲದಂಡೆ ಕಾಲುವೆಯ ಹೆಸರು ಹೇಳುತ್ತಾರೆ. ತಮಟೆ ಸರಿ ಇದ್ದರೆ ಹೊರಗಿನ ನೀರು ಮಧ್ಯಕಿವಿಗೆ ಹೋಗುವುದಿಲ್ಲ. ಎಳೆಯ ಮಕ್ಕಳ ಕಿವಿಸೋಂಕು ಬಹುಪಾಲು ಮೂಗಿನ ದಾರಿಯಿಂದ, ನೆಗಡಿಯ ಬೆನ್ನಿಗೇ ಬರುತ್ತದೆ. ತಮಟೆಗೆ ಆಗಲೇ ತೂತು ಬಿದ್ದಿದ್ದರೆ ಮಾತ್ರ ಕಾಲುವೆ ನೀರು ಖಂಡಿತ ಕೆಡುಕು.

ಎಲ್ಲ ಕಿವಿನೋವಿಗೂ ಆಂಟಿಬಯಾಟಿಕ್ ಬೇಕೆ?

ಬೇಕಿಲ್ಲ. ಕಿವಿನೋವಿಗೆ ಕಾರಣ ಹಲವು. ಗುಗ್ಗೆ ಗಟ್ಟಿಯಾಗಿರಬಹುದು, ಹೊರಕಿವಿಯಲ್ಲಿ ಕುರು ಎದ್ದಿರಬಹುದು, ದವಡೆ ಹಲ್ಲು ಹುಳುಕಾಗಿರಬಹುದು, ಆಡುವಾಗ ಮಗು ಜೋಳದ ಕಾಳನ್ನೋ ಭತ್ತದ ಕಾಳನ್ನೋ ಕಿವಿಗೆ ತುರುಕಿಕೊಂಡಿರಬಹುದು. ಕಾಳು ಸಿಕ್ಕಿದ್ದರೆ ನೀರು ಹಾಕಬೇಡಿ, ಊದಿಕೊಳ್ಳುತ್ತದೆ. ಪಿನ್ನು, ಕಡ್ಡಿ ಹಾಕಿ ಕೆದಕಬೇಡಿ. ಆಸ್ಪತ್ರೆಗೆ ಬನ್ನಿ. ಕಿವಿಯೊಳಗೆ ದೀಪ ಹಿಡಿದು ತಮಟೆ ನೋಡಿದ ಮೇಲೆಯೇ ಇದು ಮಧ್ಯಕಿವಿಯ ಸೋಂಕು ಎಂದು ಹೇಳಲು ಬರುತ್ತದೆ. ಅಂಗಡಿಯ ಕಟ್ಟೆಯ ಮೇಲೆ ನಿಂತು ಹೇಳಲು ಬರುವುದಿಲ್ಲ.

ನಿಜವಾದ ಮಧ್ಯಕಿವಿ ಸೋಂಕು ಇದ್ದರೂ ಎಲ್ಲ ಮಕ್ಕಳಿಗೆ ಆಂಟಿಬಯಾಟಿಕ್ ಬೇಕಾಗುವುದಿಲ್ಲ. ಅನೇಕ ದೇಶಗಳಲ್ಲಿ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ತಿಳಿದುಬಂದ ಸಂಗತಿ ಇದು: ಆಂಟಿಬಯಾಟಿಕ್ ಕೊಟ್ಟರೂ ಕೊಡದಿದ್ದರೂ 100 ಮಕ್ಕಳಲ್ಲಿ ಸುಮಾರು 60 ಮಕ್ಕಳ ನೋವು 24 ಗಂಟೆಯೊಳಗೆ ಇಳಿಯುತ್ತದೆ. ಹಾಗೆಯೇ, ಆಂಟಿಬಯಾಟಿಕ್ ತೆಗೆದುಕೊಂಡ ಸುಮಾರು 14 ಮಕ್ಕಳಲ್ಲಿ ಒಂದು ಮಗುವಿಗೆ ಆ ಔಷಧದಿಂದಲೇ ಭೇದಿ, ವಾಂತಿ ಅಥವಾ ಮೈಮೇಲೆ ಗುಳ್ಳೆ ಬರುತ್ತದೆ.

ಆದ್ದರಿಂದ ಮಗು ಎರಡು ವರ್ಷ ದಾಟಿದ್ದು, ನೋವು ಸಾಧಾರಣವಾಗಿದ್ದು, ಜ್ವರ ಹೆಚ್ಚಿಲ್ಲದೆ, ಕಿವಿ ಸೋರದೆ ಇದ್ದರೆ ವೈದ್ಯರು ನೋವಿನ ಔಷಧವಾದ ಪ್ಯಾರಾಸಿಟಮಾಲ್ ಮಾತ್ರ ಕೊಟ್ಟು, 'ಎರಡು ಮೂರು ದಿನ ನೋಡೋಣ' ಎನ್ನಬಹುದು. ಆರು ತಿಂಗಳಿನಿಂದ ಎರಡು ವರ್ಷದ ಮಗುವಿಗೆ ಒಂದೇ ಕಿವಿಯಲ್ಲಿ ಸೌಮ್ಯವಾದ ಸೋಂಕು ಇದ್ದರೂ ಕೆಲವೊಮ್ಮೆ ಹೀಗೆ ಕಾಯುವುದುಂಟು. ಇಂಥ ವೈದ್ಯರನ್ನು 'ಔಷಧ ಕೊಡಲಿಲ್ಲ' ಎಂದು ದೂರಬೇಡಿ. ಆದರೆ ಕಾಯುವುದೆಂದರೆ ಮರೆತುಬಿಡುವುದಲ್ಲ. 48 ರಿಂದ 72 ಗಂಟೆಯೊಳಗೆ ಕಡಿಮೆಯಾಗದಿದ್ದರೆ, ಅಥವಾ ನಡುವೆಯೇ ಹೆಚ್ಚಾದರೆ ಮರಳಿ ಬರಲೇಬೇಕು. ದೂರದ ಊರಿನವರು, ಮರಳಿ ಬರಲು ಆಗದವರು ಇದನ್ನು ಮೊದಲೇ ವೈದ್ಯರಿಗೆ ಹೇಳಿ. ಅದನ್ನು ಗಮನದಲ್ಲಿಟ್ಟು ಅವರು ನಿರ್ಧಾರ ಮಾಡುತ್ತಾರೆ.

ಒಬ್ಬ ವೈದ್ಯರು 5 ದಿನ, ಇನ್ನೊಬ್ಬರು 10 ದಿನ. ಯಾರದು ಸರಿ?

ಈ ಪ್ರಶ್ನೆ ಬಹಳ ಜನ ಕೇಳುತ್ತೀರಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 5 ದಿನಕ್ಕೆ ಕೊಟ್ಟರು, ಪಟ್ಟಣದ ಆಸ್ಪತ್ರೆಯಲ್ಲಿ 10 ದಿನ ಎಂದರು, ಯಾರನ್ನು ನಂಬಬೇಕು ಎಂದು. ಇಬ್ಬರೂ ಪುಸ್ತಕ ನೋಡಿಯೇ ಹೇಳುತ್ತಿರುತ್ತಾರೆ, ಪುಸ್ತಕ ಬೇರೆ ಬೇರೆ.

ಅಮೆರಿಕದ ಮಕ್ಕಳ ವೈದ್ಯರ ಸಂಘ 2013ರಲ್ಲಿ ಕೊಟ್ಟ ಸೂಚನೆ ಹೀಗಿದೆ: ಎರಡು ವರ್ಷದೊಳಗಿನ ಮಗುವಿಗೆ, ಹಾಗೂ ಯಾವ ವಯಸ್ಸಿನಲ್ಲೇ ಆಗಲಿ ಕಾಯಿಲೆ ಜೋರಾಗಿರುವ ಮಗುವಿಗೆ 10 ದಿನ. ಎರಡರಿಂದ ಐದು ವರ್ಷದ ಮಗುವಿಗೆ, ಕಾಯಿಲೆ ಸಾಧಾರಣವಾಗಿದ್ದರೆ 7 ದಿನ. ಆರು ವರ್ಷ ಮೇಲ್ಪಟ್ಟವರಿಗೆ 5 ರಿಂದ 7 ದಿನ.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ಆಂಟಿಬಯಾಟಿಕ್ ಕೈಪಿಡಿ 5 ದಿನ ಸಾಕು ಎನ್ನುತ್ತದೆ. ನಮ್ಮ ದೇಶದ ಆರೋಗ್ಯ ಕೇಂದ್ರಗಳಲ್ಲಿ ಐದು ವರ್ಷದೊಳಗಿನ ಮಕ್ಕಳಿಗೆ ಅನುಸರಿಸುವ ಚಿಕಿತ್ಸಾ ಕ್ರಮದಲ್ಲಿಯೂ ಹೊಸ ಕಿವಿಸೋಂಕಿಗೆ 5 ದಿನವೇ ಇದೆ. ಆದರೆ ಅದರ ಜೊತೆಗೆ ಇನ್ನೊಂದು ಮಾತೂ ಇದೆ, ಅದನ್ನು ನಮ್ಮ ಜನ ಬಿಟ್ಟುಬಿಡುತ್ತಾರೆ. 5 ದಿನ ಆದ ಮೇಲೆ ಮಗುವನ್ನು ಮರಳಿ ತೋರಿಸಬೇಕು. ನೋವು ಅಥವಾ ಸೋರಿಕೆ ಇನ್ನೂ ಇದ್ದರೆ ಅದೇ ಔಷಧವನ್ನು ಮತ್ತೆ 5 ದಿನ ಮುಂದುವರಿಸಬೇಕು. ಅಂದರೆ 5 ದಿನದ ಚಿಕಿತ್ಸೆಯಲ್ಲಿ ಐದನೇ ದಿನದ ಭೇಟಿ ಕೂಡ ಸೇರಿದೆ. ಆ ಭೇಟಿ ತಪ್ಪಿಸಿದರೆ ಚಿಕಿತ್ಸೆ ಅರ್ಧವೇ ಆಯಿತು.

ಎಳೆಯ ಮಕ್ಕಳಿಗೆ ಹೆಚ್ಚು ದಿನ ಏಕೆ ಎಂಬುದಕ್ಕೆ ಒಂದು ಒಳ್ಳೆಯ ಅಧ್ಯಯನ ಇದೆ. ಅಮೆರಿಕದ ಪಿಟ್ಸ್‌ಬರ್ಗ್ ನಗರದ ವೈದ್ಯರು 6 ರಿಂದ 23 ತಿಂಗಳ 520 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 10 ದಿನ, ಇನ್ನೊಂದಕ್ಕೆ 5 ದಿನ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಔಷಧ ಕೊಟ್ಟರು. ಫಲಿತಾಂಶ 2016ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. 10 ದಿನ ತೆಗೆದುಕೊಂಡವರಲ್ಲಿ 100ಕ್ಕೆ 16 ಮಕ್ಕಳಿಗೆ ಚಿಕಿತ್ಸೆ ಫಲ ಕೊಡಲಿಲ್ಲ. 5 ದಿನ ತೆಗೆದುಕೊಂಡವರಲ್ಲಿ ಈ ಸಂಖ್ಯೆ 100ಕ್ಕೆ 34. ಅಂದರೆ ಎರಡು ಪಟ್ಟಿಗೂ ಹೆಚ್ಚು. ದಿನ ಕಡಿಮೆ ಮಾಡಿದ್ದರಿಂದ ಭೇದಿಯಾಗಲಿ, ಔಷಧಕ್ಕೆ ಬಗ್ಗದ ಕ್ರಿಮಿಗಳಾಗಲಿ ಕಡಿಮೆ ಆಗಲಿಲ್ಲ.

ಹಾಗಾಗಿ ಎರಡು ವರ್ಷದೊಳಗಿನ ಕೂಸಿಗೆ ವೈದ್ಯರು 10 ದಿನ ಎಂದು ಬರೆದರೆ, ನಾಲ್ಕನೇ ದಿನ ಕೂಸು ನಗುತ್ತ ಆಡುತ್ತಿದ್ದರೂ 10 ದಿನ ಕೊಡಿ. 5 ದಿನ ಎಂದು ಬರೆದರೆ ಐದನೇ ದಿನ ಮರಳಿ ತೋರಿಸಿ. ಏಳೆಂಟು ವರ್ಷದ ಹುಡುಗನಿಗೆ 5 ದಿನ ಬರೆದಿದ್ದರೆ, 'ಇನ್ನೂ ಐದು ದಿನ ಇರಲಿ' ಎಂದು ನೀವಾಗಿಯೇ ಎಳೆಯಬೇಡಿ.

ಹೆಚ್ಚು ದಿನ ಕೊಟ್ಟರೆ ಒಳ್ಳೆಯದಲ್ಲವೇ?

ಅಲ್ಲ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದಾಗ ಮಾಡಿದ ಭಾಷಣದಲ್ಲಿಯೇ ಒಂದು ಎಚ್ಚರಿಕೆ ಕೊಟ್ಟಿದ್ದರು. ಜನ ಅಂಗಡಿಯಿಂದ ತಾವೇ ಕೊಂಡು, ಸಾಲದಷ್ಟು ಪ್ರಮಾಣ ತೆಗೆದುಕೊಂಡರೆ ಕ್ರಿಮಿಗಳು ಔಷಧಕ್ಕೆ ಒಗ್ಗಿಕೊಳ್ಳುತ್ತವೆ ಎಂದು. ಆಮೇಲೆ ತಿಳಿದುಬಂದದ್ದೇನೆಂದರೆ, ಬೇಕಾದ್ದಕ್ಕಿಂತ ಹೆಚ್ಚು ಸಲ, ಹೆಚ್ಚು ದಿನ ಕೊಟ್ಟರೂ ಅದೇ ಆಗುತ್ತದೆ. ನಮ್ಮ ಮೂಗು, ಗಂಟಲು, ಹೊಟ್ಟೆಯಲ್ಲಿ ತೊಂದರೆ ಕೊಡದೆ ಇರುವ ಕ್ರಿಮಿಗಳೂ ಇವೆ. ಪ್ರತಿ ಆಂಟಿಬಯಾಟಿಕ್ ಡೋಸು ಅವುಗಳ ಮೇಲೂ ಕೆಲಸ ಮಾಡುತ್ತದೆ. ಬಲಹೀನವಾದವು ಸಾಯುತ್ತವೆ, ಬಗ್ಗದವು ಉಳಿದು ಬೆಳೆಯುತ್ತವೆ. ಮುಂದೆ ಆ ಮಗುವಿಗೆ ನ್ಯುಮೋನಿಯಾ ಆದಾಗ ಅಗ್ಗದ ಔಷಧ ಕೆಲಸ ಮಾಡದೆ, ದುಬಾರಿ ಇಂಜೆಕ್ಷನ್‌ಗೆ ಹೋಗಬೇಕಾಗುತ್ತದೆ. ಬಡ ಕುಟುಂಬಕ್ಕೆ ಇದು ಸಣ್ಣ ಹೊರೆ ಅಲ್ಲ.

ಇನ್ನೊಂದು ಸಂಗತಿ. ಸೋಂಕು ಗುಣವಾದ ಮೇಲೂ ಮಧ್ಯಕಿವಿಯಲ್ಲಿ ನೀರಿನಂಥ ದ್ರವ ಕೆಲವು ವಾರ ಉಳಿಯುವುದು ಸಾಮಾನ್ಯ. ಆಗ ಮಗುವಿಗೆ ಸ್ವಲ್ಪ ಕಡಿಮೆ ಕೇಳಿಸಬಹುದು. ನೋವು, ಜ್ವರ ಇರುವುದಿಲ್ಲ. ಇದಕ್ಕೆ ಮತ್ತೆ ಆಂಟಿಬಯಾಟಿಕ್ ಬೇಡ. ಬಹುಪಾಲು ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗಿಯೇ ಆರುತ್ತದೆ. ಆರದಿದ್ದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಿ, ಶ್ರವಣ ಪರೀಕ್ಷೆ ಮಾಡಿಸಬೇಕು.

ಬಾಟಲಿಯ ಲೆಕ್ಕ

ಈಗ ಬಹಳ ಮುಖ್ಯವಾದ ಮಾತಿಗೆ ಬರುತ್ತೇನೆ. ನಮ್ಮ ಕಡೆ 'ಒಂದು ಬಾಟಲಿ ಅಂದರೆ ಒಂದು ಕೋರ್ಸ್' ಎಂಬ ನಂಬಿಕೆ ಇದೆ. ಒಂದು ಉದಾಹರಣೆ ನೋಡಿ. 10 ಕಿಲೋ ತೂಕದ ಮಗು. ಕಿವಿಸೋಂಕಿಗೆ ಪುಸ್ತಕಗಳು ಹೇಳುವ ಅಮಾಕ್ಸಿಸಿಲಿನ್ ಪ್ರಮಾಣ ದಿನಕ್ಕೆ ಪ್ರತಿ ಕಿಲೋಗೆ 80 ರಿಂದ 90 ಮಿಲಿಗ್ರಾಂ. 80ರ ಲೆಕ್ಕ ಹಿಡಿದರೆ ದಿನಕ್ಕೆ 800 ಮಿಲಿಗ್ರಾಂ. 5 ಮಿಲಿಯಲ್ಲಿ 250 ಮಿಲಿಗ್ರಾಂ ಇರುವ ಔಷಧವಾದರೆ ದಿನಕ್ಕೆ 16 ಮಿಲಿ, ಅಂದರೆ ಬೆಳಿಗ್ಗೆ 8, ರಾತ್ರಿ 8. 30 ಮಿಲಿಯ ಸಣ್ಣ ಬಾಟಲಿ ಎರಡು ದಿನಕ್ಕೂ ಪೂರ್ತಿ ಸಾಲುವುದಿಲ್ಲ. 10 ದಿನಕ್ಕೆ 160 ಮಿಲಿ ಬೇಕು. ಅದೇ ಔಷಧ 5 ಮಿಲಿಗೆ 125 ಮಿಲಿಗ್ರಾಂ ಇರುವ ಬಾಟಲಿಯಲ್ಲಿ ಬಂದರೆ ಇದರ ಎರಡು ಪಟ್ಟು ಬೇಕು. ಇದು ಲೆಕ್ಕ ತಿಳಿಯಲು ಹೇಳಿದ್ದು ಮಾತ್ರ. ನಿಮ್ಮ ಮಗುವಿನ ಪ್ರಮಾಣ ನಿಮ್ಮ ಚೀಟಿಯಲ್ಲಿ ಬರೆದದ್ದೇ. ಆದರೆ ಒಂದು ಬಾಟಲಿ ಮುಗಿದರೆ ಚಿಕಿತ್ಸೆ ಮುಗಿಯಿತು ಎಂದು ತಿಳಿಯುವುದು ಎಷ್ಟು ತಪ್ಪು ಎಂಬುದು ಇದರಿಂದ ಗೊತ್ತಾಗುತ್ತದೆ. ಒಂದೇ ಬಾಟಲಿಯನ್ನು ಅಣ್ಣನಿಗೂ ತಂಗಿಗೂ ಹಂಚಿದರೆ ಇಬ್ಬರಿಗೂ ಸಾಲದು.

ಔಷಧ ಅಂಗಡಿಯಿಂದ ಹೊರಡುವ ಮೊದಲು ಮೂರು ಮಾತು ಕೇಳಿ: ಒಂದು ಸಲಕ್ಕೆ ಎಷ್ಟು ಮಿಲಿ? ದಿನಕ್ಕೆ ಎಷ್ಟು ಸಲ? ಒಟ್ಟು ಎಷ್ಟು ದಿನ, ಅದಕ್ಕೆ ಎಷ್ಟು ಬಾಟಲಿ?

ಔಷಧ ಪುಡಿಯ ರೂಪದಲ್ಲಿದ್ದರೆ, ಕುದಿಸಿ ಆರಿಸಿದ ನೀರನ್ನು ಬಾಟಲಿಯ ಗುರುತಿನವರೆಗೆ ಹಾಕಿ ಚೆನ್ನಾಗಿ ಅಲುಗಾಡಿಸಿ. ಪ್ರತಿ ಸಲ ಕೊಡುವ ಮುಂಚೆಯೂ ಅಲುಗಾಡಿಸಿ. ಮನೆಯ ಚಮಚ ಬೇಡ, ಗೆರೆ ಇರುವ ಮುಚ್ಚಳ ಅಥವಾ ಸಿರಿಂಜ್ ಬಳಸಿ. ನೀರು ಬೆರೆಸಿದ ಔಷಧ ಸಾಮಾನ್ಯವಾಗಿ ಒಂದು ವಾರ ಮಾತ್ರ ಬಾಳುತ್ತದೆ, ಲೇಬಲ್ ಓದಿಸಿಕೊಳ್ಳಿ. ಆದ್ದರಿಂದ ಎರಡನೇ ಬಾಟಲಿಗೆ ಮೊದಲನೆಯದು ಮುಗಿದ ಮೇಲೆಯೇ ನೀರು ಬೆರೆಸಿ. ರಾಯಚೂರು ಜಿಲ್ಲೆಯ ಬಿಸಿಲು ನಿಮಗೆ ಗೊತ್ತೇ ಇದೆ. ಫ್ರಿಜ್ ಇಲ್ಲದವರು ಬಾಟಲಿಯ ಮುಚ್ಚಳ ಬಿಗಿದು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ನೀರಿರುವ ಮಣ್ಣಿನ ಗಡಿಗೆಯಲ್ಲಿ ನೆರಳಿನಲ್ಲಿಡಿ. ತಗಡಿನ ಮಾಡಿನ ಕೆಳಗೆ, ಒಲೆಯ ಹತ್ತಿರ ಇಡಬೇಡಿ. ಕೆಲವು ಔಷಧಗಳಿಗೆ ಫ್ರಿಜ್ಜೇ ಬೇಕು. ಮನೆಯಲ್ಲಿ ಇಲ್ಲವೆಂದು ವೈದ್ಯರಿಗೆ ಮೊದಲೇ ಹೇಳಿದರೆ ಬೇರೆ ಔಷಧ ಬರೆಯಲು ಬರುತ್ತದೆ. ಉಳಿದದ್ದನ್ನು ಮುಂದಿನ ಸಲಕ್ಕೆಂದು ಕಾಯ್ದಿರಿಸಬೇಡಿ.

ಭತ್ತದ ನಾಟಿಗೋ ಕಳೆಗೋ ಹೋಗುವ ತಾಯಂದಿರು ಮಧ್ಯಾಹ್ನದ ಡೋಸು ತಪ್ಪಿಸುವುದು ಸಹಜ. ಅಮಾಕ್ಸಿಸಿಲಿನ್ ದಿನಕ್ಕೆ ಎರಡು ಸಲ ಕೊಡುವಂತೆಯೂ ಬರೆಯಬಹುದು. ಕೂಲಿಗೆ ಹೋಗುತ್ತೇನೆ ಎಂದು ನಾಚದೆ ಹೇಳಿ. ಮಸ್ಕಿ, ಲಿಂಗಸುಗೂರು ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳು ಚಿಕಿತ್ಸೆಯ ನಡುವೆ ಹೊರಡಬೇಕಾದರೆ ಚೀಟಿಯನ್ನೂ, ನೀರು ಬೆರೆಸದ ಎರಡನೇ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಔಷಧ ಆರಂಭಿಸಿದ ತಾರೀಖು ಮತ್ತು ಮುಗಿಸುವ ತಾರೀಖು ಚೀಟಿಯ ಮೇಲೆ ಬರೆಸಿಕೊಳ್ಳಿ. ಗೋಡೆಯ ಕ್ಯಾಲೆಂಡರ್‌ನಲ್ಲಿ ದಿನಕ್ಕೊಂದು ಗೆರೆ ಎಳೆಯುವುದು ಎಲ್ಲಕ್ಕಿಂತ ಸುಲಭ.

ಹಳೆಯ ಸೋರುವ ಕಿವಿಯ ಮಾತೇ ಬೇರೆ

ಎರಡು ವಾರಕ್ಕೂ ಹೆಚ್ಚು ಕಾಲ ಕಿವಿ ಸೋರುತ್ತಿದ್ದರೆ ಅದು ಹೊಸ ಸೋಂಕಲ್ಲ. ಇದಕ್ಕೆ ಬಾಯಿಯಿಂದ ಕೊಡುವ ಔಷಧಕ್ಕಿಂತ ಕಿವಿಯನ್ನು ಒಣಗಿಸುವುದು ಮತ್ತು ವೈದ್ಯರು ಬರೆದ ಹನಿ ಮುಖ್ಯ. ಸ್ವಚ್ಛವಾದ ಮೆತ್ತನೆಯ ಹತ್ತಿ ಬಟ್ಟೆಯನ್ನು ಬತ್ತಿಯಂತೆ ಹೊಸೆದು ಕಿವಿಯಲ್ಲಿಡಿ. ಒದ್ದೆಯಾದ ಮೇಲೆ ತೆಗೆದು ಹೊಸದನ್ನಿಡಿ, ಒಣಗುವವರೆಗೆ ಹೀಗೆ ಮಾಡಿ. ದಿನಕ್ಕೆ ಮೂರು ಸಲ ಹೀಗೆ ಒಣಗಿಸಿ, ಆಮೇಲೆ ಹನಿ ಹಾಕಿ. ಸಾಮಾನ್ಯವಾಗಿ ಎರಡು ವಾರ ಬೇಕಾಗುತ್ತದೆ. ಹತ್ತಿ ತುರುಕಿ ಹಾಗೆಯೇ ಬಿಡಬೇಡಿ. ಸ್ನಾನದಲ್ಲಿ ನೀರು ಹೋಗದಂತೆ ನೋಡಿಕೊಳ್ಳಿ. ಕಾಲುವೆ ಈಜು ಬಂದ್.

ಕಾಯಿಸಿದ ಎಣ್ಣೆ, ಬೆಳ್ಳುಳ್ಳಿ ರಸ, ಎಲೆಯ ರಸ, ಹಾಲು ಇವನ್ನು ಕಿವಿಗೆ ಹಾಕಬೇಡಿ. ಹಿರಿಯರು ಪ್ರೀತಿಯಿಂದಲೇ ಹಾಕುತ್ತಾರೆ, ನಿಜ. ಆದರೆ ತಮಟೆಗೆ ತೂತು ಬಿದ್ದಿದ್ದರೆ ಅದು ನೇರ ಮಧ್ಯಕಿವಿಗೆ ಇಳಿಯುತ್ತದೆ.

ವರ್ಷಗಟ್ಟಲೆ ಸೋರಿದ ಕಿವಿ ಕೇಳಿಸುವ ಶಕ್ತಿ ಕಳೆದುಕೊಳ್ಳುತ್ತದೆ. ಸರಿಯಾಗಿ ಕೇಳಿಸದ ಮಗು ಮಾತು ತಡವಾಗಿ ಕಲಿಯುತ್ತದೆ, ಶಾಲೆಯಲ್ಲಿ ಹಿಂದೆ ಬೀಳುತ್ತದೆ. ನಾವು ಅದನ್ನು ದಡ್ಡ, ಹಟಮಾರಿ ಎಂದು ಬೈಯುತ್ತೇವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ ಮತ್ತು ಸರ್ಕಾರಿ ಶಾಲೆಯ ಮಕ್ಕಳ ಕಿವಿಯನ್ನೂ ಪರೀಕ್ಷಿಸುತ್ತಾರೆ. ತಂಡ ಬಂದ ದಿನ ಮಗುವನ್ನು ತಪ್ಪದೆ ಕಳಿಸಿ.

ಪಾಲಕರು ಕೇಳಿದ ಪ್ರಶ್ನೆಗಳು

ಪ್ರಶ್ನೆ: ಔಷಧ ಶುರು ಮಾಡಿದ ಮೇಲೆ ಭೇದಿ ಆಯಿತು. ನಿಲ್ಲಿಸಬೇಕೇ?
ಉತ್ತರ: ಸ್ವಲ್ಪ ಭೇದಿಯಾದರೆ ಎದೆಹಾಲು, ಓಆರ್‌ಎಸ್, ಗಂಜಿ ಕೊಡುತ್ತ ಔಷಧ ಮುಂದುವರಿಸಿ, ವೈದ್ಯರಿಗೆ ತಿಳಿಸಿ. ಮೈಮೇಲೆ ದದ್ದು ಎದ್ದರೆ ಮುಂದಿನ ಡೋಸು ಕೊಡುವ ಮೊದಲು ವೈದ್ಯರನ್ನು ಕೇಳಿ. ಮುಖ, ತುಟಿ ಊದಿದರೆ, ಉಸಿರಾಟಕ್ಕೆ ಕಷ್ಟವಾದರೆ ಔಷಧ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಬನ್ನಿ.

ಪ್ರಶ್ನೆ: ಒಂದು ಡೋಸು ಮರೆತರೆ?
ಉತ್ತರ: ನೆನಪಾದ ಕೂಡಲೇ ಕೊಡಿ. ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಅದನ್ನಷ್ಟೇ ಕೊಡಿ. ಎರಡು ಡೋಸು ಒಟ್ಟಿಗೆ ಬೇಡ.

ಪ್ರಶ್ನೆ: ಮೂರೇ ದಿನದಲ್ಲಿ ಮುಗಿಯುವ ಔಷಧ ಅಂಗಡಿಯಲ್ಲಿ ಕೊಡುತ್ತಾರಲ್ಲ?
ಉತ್ತರ: ಅದು ಹೆಚ್ಚಾಗಿ ಅಜಿತ್ರೊಮೈಸಿನ್. ಕಿವಿಸೋಂಕು ತರುವ ಕ್ರಿಮಿಗಳಲ್ಲಿ ಅನೇಕವು ಅದಕ್ಕೆ ಬಗ್ಗುವುದಿಲ್ಲ. ಪೆನಿಸಿಲಿನ್ ಜಾತಿಯ ಔಷಧ ಒಗ್ಗದ ಮಕ್ಕಳಿಗೆ ಬೇರೆ ಔಷಧ ಆರಿಸುವ ಕೆಲಸ ವೈದ್ಯರದು. ಚೀಟಿ ಇಲ್ಲದೆ ಆಂಟಿಬಯಾಟಿಕ್ ಕೊಳ್ಳಬೇಡಿ. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ವೈದ್ಯರ ಚೀಟಿ ಬೇಕೇ ಬೇಕು ಎಂದು ಅರ್ಥ. 2016ರಲ್ಲಿ ಕೇಂದ್ರ ಆರೋಗ್ಯ ಇಲಾಖೆ ಈ ಬಗ್ಗೆ ಜಾಗೃತಿ ಆರಂಭಿಸಿತು.

ಪ್ರಶ್ನೆ: ಮತ್ತೆ ಮತ್ತೆ ಬಾರದಂತೆ ಏನು ಮಾಡಬೇಕು?
ಉತ್ತರ: ಆರು ತಿಂಗಳವರೆಗೆ ಎದೆಹಾಲು ಮಾತ್ರ ಕೊಡಿ. ಬಾಟಲಿ ಹಾಲು ಬೇಡ. ಮಲಗಿಸಿ ಕುಡಿಸುವುದಂತೂ ಬೇಡ, ತಲೆ ಎತ್ತಿ ಹಿಡಿದು ಕುಡಿಸಿ. ಒಲೆಯ ಹೊಗೆ, ಬೀಡಿ ಹೊಗೆ ಕೂಸಿನಿಂದ ದೂರವಿರಲಿ. ನ್ಯುಮೋಕಾಕಲ್ ಲಸಿಕೆ 2021ರಿಂದ ದೇಶದಾದ್ಯಂತ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಉಚಿತವಾಗಿದೆ. ಆರನೇ ವಾರ, 14ನೇ ವಾರ ಮತ್ತು 9ನೇ ತಿಂಗಳಲ್ಲಿ ಹಾಕಿಸಿ.

ಕೂಡಲೇ ಆಸ್ಪತ್ರೆಗೆ ಬರಬೇಕಾದ ಲಕ್ಷಣಗಳು

* ಕಿವಿಯ ಹಿಂದೆ ಬಾವು, ಕೆಂಪು. ಕಿವಿ ಮುಂದಕ್ಕೆ ಚಾಚಿದಂತೆ ಕಾಣುವುದು
* ಬಾಯಿ ಅಥವಾ ಮುಖ ಒಂದು ಕಡೆಗೆ ಸೊಟ್ಟಗಾಗುವುದು
* ಕುತ್ತಿಗೆ ಬಿಗಿತ, ಫಿಟ್ಸ್, ಮಂಪರು, ನಿಲ್ಲದ ವಾಂತಿ
* ಹಾಲು, ನೀರು ಕುಡಿಯದಿರುವುದು
* ಆರು ತಿಂಗಳೊಳಗಿನ ಕೂಸಿಗೆ ಕಿವಿನೋವು, ಜ್ವರ
* ಔಷಧ ಕೊಟ್ಟು ಎರಡು ಮೂರು ದಿನವಾದರೂ ಜ್ವರ, ನೋವು ಇಳಿಯದಿರುವುದು

ಇಂಥ ಮಗುವಿಗೆ ತಜ್ಞರ ಚಿಕಿತ್ಸೆ ಬೇಕು. ತಾಲ್ಲೂಕು ಆಸ್ಪತ್ರೆಯಿಂದ ರಾಯಚೂರಿನ ರಿಮ್ಸ್‌ಗೆ ಕಳಿಸಿದರೆ, 'ನಾಳೆ ನೋಡೋಣ' ಎನ್ನದೆ ಅದೇ ದಿನ ಹೊರಡಿ.

ಬಂಧುಗಳೇ, ಶರಣರು ಕಾಯಕದಲ್ಲಿ ಲೆಕ್ಕವನ್ನೂ ದಾಸೋಹದಲ್ಲಿ ಉದಾರತೆಯನ್ನೂ ಕಲಿಸಿದರು. ಆಸ್ಪತ್ರೆ ಕೊಡುವುದನ್ನು ಉದಾರವಾಗಿ ಕೊಡುತ್ತದೆ. ಮನೆಯಲ್ಲಿ ಆ ಔಷಧವನ್ನು ಲೆಕ್ಕ ತಪ್ಪದೆ ಕೊಡುವ ಕಾಯಕ ನಿಮ್ಮದು. ಇವತ್ತು ಇಲ್ಲಿಂದ ಹೋಗುವಾಗ ನಿಮ್ಮ ಚೀಟಿ ತೆಗೆದು ನೋಡಿ. 'ಎಷ್ಟು ದಿನ' ಎಂದು ಅದರಲ್ಲಿ ಬರೆದಿಲ್ಲವಾದರೆ ಒಳಗೆ ಬಂದು ಬರೆಸಿಕೊಂಡೇ ಹೋಗಿ. ಕೇಳುವುದಕ್ಕೆ ಸಂಕೋಚ ಬೇಡ.